ಕೂಸುಗಳಿಗೆ ಉಣಿಸುವ ಅಕ್ಕೋರು ಉಂಡರೇ?



ಹೊಳೆದಂಡೆಯ ಪಂಪ್‌ಸೆಟ್ಟಿನ ಸದ್ದು ಕೊಂಚ ಬದಲಾದರೂ ನಿಮ್ಮ ಕಿವಿಗೆ ಅದು ಗೊತ್ತಾಗುತ್ತದೆ. ದಾರಿಯಲ್ಲಿ ಹೋಗುತ್ತಿದ್ದವರು ಗಕ್ಕನೆ ನಿಂತು, “ಮೋಟರ ಎಳಿವಲ್ದು, ಫುಟ್‌ವಾಲ್ವಿನಾಗ ಕಸ ಸಿಕ್ಕೈತಿ” ಎಂದುಬಿಡುತ್ತೀರಿ. ಎಮ್ಮೆ ಒಂದು ಹೊತ್ತು ಮೇವು ಬಿಟ್ಟರೆ ಅಂದೇ ಸಂಜೆ ದನದ ಡಾಕ್ಟರರ ಮನೆಗೆ ಹೋಗುತ್ತೀರಿ. ಆದರೆ ನಿಮ್ಮ ಓಣಿಯ ಅಂಗನವಾಡಿ ಅಕ್ಕೋರ ದನಿ ಎಷ್ಟು ದಿನದಿಂದ ಒಡೆದಿದೆ? ಅವರು ಮಧ್ಯಾಹ್ನ ಎಷ್ಟು ಗಂಟೆಗೆ ಉಣ್ಣುತ್ತಾರೆ? ಈ ಎರಡು ಪ್ರಶ್ನೆಗಳಿಗೆ ನಿಮ್ಮಲ್ಲಿ ಎಷ್ಟು ಜನ ಉತ್ತರ ಹೇಳಬಲ್ಲಿರಿ?

ಈ ವಾರ ಗೊಬ್ಬರ, ಬೀಜದ ಮಾತನ್ನು ಸ್ವಲ್ಪ ಬದಿಗಿಟ್ಟು, ನಮ್ಮ ಚಿಕ್ಕ ಮಕ್ಕಳನ್ನು ದಿನವಿಡೀ ಕಾಯುವ ಈ ಅಕ್ಕೋರ ಆರೋಗ್ಯದ ಬಗ್ಗೆ ವಿಚಾರ ಮಾಡೋಣ. ಇದು ಹೆಂಗಸರ ವಿಷಯ, ನಮಗೇಕೆ ಎಂದು ಪುಟ ತಿರುವಿ ಹಾಕಬೇಡಿರಿ. ಅಂಗನವಾಡಿ ಕಾರ್ಯಕರ್ತೆ ಅದೇ ಊರಿನವಳಾಗಿರಬೇಕೆಂಬುದು ನಿಯಮ. ಎಂದ ಮೇಲೆ ಅವಳು ರೈತನ ಹೆಂಡತಿ, ರೈತನ ಸೊಸೆ ಅಥವಾ ರೈತನ ಮಗಳೇ ಆಗಿರುವುದು ಹೆಚ್ಚು. ಈ ವಾಚನಾಲಯದಲ್ಲಿ ಪತ್ರಿಕೆ ಓದುತ್ತಿರುವ ನಿಮ್ಮ ಮನೆಯವಳೇ ಆಗಿರಲೂಬಹುದು.

ಕಬ್ಬಿನ ಸುಗ್ಗಿಯ ಒಂದು ದಿನ

ಯಡೂರು, ಕಲ್ಲೋಳ, ಚಂದೂರು, ಇಂಗಳಿ, ಮಾಂಜರಿ ಕಡೆಯ ಕೃಷ್ಣಾ ತೀರವನ್ನೇ ತೆಗೆದುಕೊಳ್ಳಿರಿ. ವೀರಭದ್ರ ದೇವರ ಗುಡಿಯ ಗಂಟೆ ಕೇಳುವ ಮೊದಲೇ ಇಲ್ಲಿ ದಿನ ಆರಂಭವಾಗುತ್ತದೆ. ಕಬ್ಬು ಕಡಿಯುವ ಕಾಲದಲ್ಲಂತೂ ಗಂಡು ಹೆಣ್ಣೆನ್ನದೆ ಎಲ್ಲರೂ ಹೊಲದಲ್ಲಿ. ಕೂಸನ್ನು ಕಂಕುಳಲ್ಲಿ ಹೊತ್ತ ತಾಯಿ ಅಂಗನವಾಡಿ ಬಾಗಿಲಲ್ಲಿ ನಿಂತು, “ಅಕ್ಕೋರ, ಇವತ್ತ ಸ್ವಲ್ಪ ತಡಾ ಆಗತೈತಿ, ಕೂಸಿನ್ನ ನೋಡ್ಕೋರಿ” ಎಂದು ಹೇಳಿ ಓಡುತ್ತಾಳೆ.

ಆ ಅಕ್ಕೋರ ದಿನ ಹೇಗಿರುತ್ತದೆ ಎಂಬುದನ್ನು ಕಣ್ಮುಂದೆ ತಂದುಕೊಳ್ಳಿರಿ. ಐದಕ್ಕೆ ಏಳಬೇಕು. ಸಗಣಿ ಬಳಿದು, ಹಾಲು ಹಿಂಡಿ, ರೊಟ್ಟಿ ಬಡಿದು, ಹೊಲಕ್ಕೆ ಹೋಗುವವರಿಗೆ ಬುತ್ತಿ ಕಟ್ಟಬೇಕು. ಎಲ್ಲರೂ ಹೋದ ಮೇಲೆ ಒಂದು ಕಪ್ಪು ಚಹಾ ಕುಡಿದು ಒಂಬತ್ತೂವರೆಯ ಹೊತ್ತಿಗೆ ಅಂಗನವಾಡಿ ಬಾಗಿಲು ತೆರೆಯಬೇಕು. ಅಲ್ಲಿ ಇಪ್ಪತ್ತು ಇಪ್ಪತ್ತೈದು ಮಕ್ಕಳು. ಒಂದು ಅಳುತ್ತದೆ, ಒಂದು ಓಡುತ್ತದೆ, ಒಂದು ಚಡ್ಡಿ ಒದ್ದೆ ಮಾಡಿಕೊಂಡಿರುತ್ತದೆ. ಗಡಿಭಾಗವಾದ್ದರಿಂದ ಕೆಲವು ಮಕ್ಕಳಿಗೆ ಕನ್ನಡ ತಿಳಿದರೆ ಕೆಲವಕ್ಕೆ ಮರಾಠಿಯೇ ಮನೆಮಾತು. ಒಂದೇ ಮಾತನ್ನು ಎರಡು ಭಾಷೆಯಲ್ಲಿ ಎರಡು ಸಲ ಹೇಳಬೇಕು. ಹಾಡು, ಕತೆ, ಆಟ. ನಡುವೆ ಅಡುಗೆಯ ಮೇಲ್ವಿಚಾರಣೆ. ಮಕ್ಕಳ ಊಟದ ಜೊತೆಗೆ, 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೂ ಬಿಸಿಯೂಟ. ತೂಕ, ಎತ್ತರ ಅಳೆಯುವುದು, ಚುಚ್ಚುಮದ್ದಿನ ದಿನ ತಾಯಂದಿರನ್ನು ಕರೆಯುವುದು, ರಿಜಿಸ್ಟರ ಬರೆಯುವುದು, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ತುಂಬುವುದು, ಮನೆ ಮನೆ ಭೇಟಿ. ಮನೆಗೆ ಮರಳಿದೊಡನೆ ಮತ್ತೆ ಒಲೆ, ಮತ್ತೆ ಎಮ್ಮೆ.

ಈ ಪಟ್ಟಿಯಲ್ಲಿ ಅಕ್ಕೋರು ಕುಳಿತು ಉಂಡ ಹೊತ್ತು ಎಲ್ಲಿದೆ, ಹುಡುಕಿರಿ. ನಲವತ್ತು ಜನರಿಗೆ ಬಡಿಸಿದ ಕೈ ತನ್ನ ಬುತ್ತಿಯ ಗಂಟು ಬಿಚ್ಚುವಾಗ ಮೂರು ಗಂಟೆ ದಾಟಿರುತ್ತದೆ. ಎಷ್ಟೋ ದಿನ ಬಿಚ್ಚದೆ ಹಾಗೆಯೇ ಮನೆಗೆ ಮರಳುತ್ತದೆ.

ಅಂಗಳದಿಂದ ಬಂದ ಹೆಸರು

ಅಂಗನವಾಡಿ ಎಂಬ ಮಾತು ನಮ್ಮ ನೆರೆಯ ಮಹಾರಾಷ್ಟ್ರದಿಂದ ಬಂದದ್ದು. ತಾರಾಬಾಯಿ ಮೋಡಕ್ ಎಂಬ ಶಿಕ್ಷಣತಜ್ಞೆ 1945ರಲ್ಲಿ ಬೋರ್ಡಿ ಎಂಬ ಹಳ್ಳಿಯಲ್ಲಿ ಬಡ ಮಕ್ಕಳಿಗಾಗಿ ಬಾಲವಾಡಿ ಆರಂಭಿಸಿದರು. ಅನುತಾಯಿ ವಾಘ್ ಅವರಿಗೆ ಜೊತೆಯಾದರು. ಮಕ್ಕಳು ಬಾಲವಾಡಿಗೆ ಬಾರದಿದ್ದರೆ ಬಾಲವಾಡಿಯೇ ಮಕ್ಕಳ ಅಂಗಳಕ್ಕೆ ಹೋಗಬೇಕು ಎಂದು ಅವರು ಹಟ್ಟಿ ಹಟ್ಟಿಗೆ ಹೋದರು. ಮುಂದೆ 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಪ್ರಯೋಗಕ್ಕೆಂದು ಆರಂಭಿಸಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಅಂಗನವಾಡಿ ಇಲ್ಲದ ಊರು ಈಗ ಹುಡುಕಿದರೂ ಸಿಗುವುದು ಕಷ್ಟ.

ಅರ್ಧ ಶತಮಾನದಲ್ಲಿ ಕೆಲಸ ಹಿಗ್ಗುತ್ತ ಬಂದಿದೆ. ಕೆಲಸ ಮಾಡುವ ಜೀವದ ಕಡೆಗೆ ನೋಟ ಮಾತ್ರ ಅಷ್ಟಾಗಿ ಹರಿದಿಲ್ಲ. ಮಗುವಿನ ತೂಕ ತಿಂಗಳಿಗೊಮ್ಮೆ ನೋಡುತ್ತಾರೆ. ತೂಗುವವಳ ರಕ್ತದೊತ್ತಡ ನೋಡಿದವರಾರು?

ಗಂಟಲೇ ಬಂಡವಾಳ

ಅಕ್ಕೋರಿಗೆ ದನಿಯೇ ನೇಗಿಲು. ಮಾತಿನಿಂದಲೇ ಬದುಕುವವರಲ್ಲಿ, ಅದರಲ್ಲೂ ಚಿಕ್ಕ ಮಕ್ಕಳಿಗೆ ಕಲಿಸುವವರಲ್ಲಿ, ಗಂಟಲಿನ ತೊಂದರೆ ಹೆಚ್ಚು. ಗದ್ದಲದ ಮೇಲೆ ಗದ್ದಲ ಮಾಡಿ ಕೂಗಿದಾಗ ಧ್ವನಿತಂತುಗಳು ಒಂದಕ್ಕೊಂದು ಬಡಿದು ಬಾತುಕೊಳ್ಳುತ್ತವೆ. ಅದೇ ದಿನವೂ ನಡೆದರೆ ಅಲ್ಲಿ ಸಣ್ಣ ಗಂಟುಗಳೇ ಮೂಡುತ್ತವೆ.

ಇದಕ್ಕೆ ಉಪಾಯ ಕಷ್ಟದ್ದಲ್ಲ. ಮಕ್ಕಳನ್ನು ಕರೆಯಲು ಕೂಗುವ ಬದಲು ಚಪ್ಪಾಳೆ ಅಥವಾ ಒಂದು ಸಣ್ಣ ಗಂಟೆ ಬಳಸಬೇಕು. ದೂರದಿಂದ ಹೇಳದೆ ಮಗುವಿನ ಹತ್ತಿರ ಹೋಗಿ ಮೆಲ್ಲಗೆ ಹೇಳಬೇಕು. ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಬೇಕು. ಮಕ್ಕಳು ಮಲಗಿದ ಹೊತ್ತಿನಲ್ಲಿ ತಾನೂ ಮಾತು ನಿಲ್ಲಿಸಬೇಕು. ದನಿ ಒಡೆದಾಗ ಪಿಸುಮಾತಿನಲ್ಲಿ ಕೆಲಸ ಸಾಗಿಸುವುದೂ ಒಳ್ಳೆಯದಲ್ಲ, ಅದರಿಂದಲೂ ಗಂಟಲಿಗೆ ಆಯಾಸ. ಮೂರು ವಾರ ಕಳೆದರೂ ದನಿ ಸರಿಯಾಗದಿದ್ದರೆ ಕಷಾಯದ ಮೇಲೆ ಭಾರ ಹಾಕದೆ ಕಿವಿ–ಮೂಗು–ಗಂಟಲು ತಜ್ಞರಿಗೆ ತೋರಿಸಲೇಬೇಕು.

ಇಲ್ಲಿ ನಿಮ್ಮ ಪಾಲೂ ಇದೆ. ಕಬ್ಬು ಹೋದ ಮೇಲೆ ಊರ ಪಕ್ಕದ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚುತ್ತೀರಲ್ಲ, ಆ ಹೊಗೆ ಅಂಗನವಾಡಿಯ ಕಿಟಕಿಯಿಂದ ಒಳಗೆ ಬರುತ್ತದೆ. ಅಕ್ಕೋರು ಕೆಮ್ಮುತ್ತಾರೆ, ಇಪ್ಪತ್ತು ಕೂಸುಗಳೂ ಕೆಮ್ಮುತ್ತವೆ. ರವದಿ ಸುಡುವುದರಿಂದ ಮಣ್ಣಿಗೂ ಹಾನಿ. ಕುಳೆ ಬೆಳೆಯಲ್ಲಿ ಸಾಲು ಬಿಟ್ಟು ಸಾಲಿಗೆ ರವದಿ ಹಾಸಿ, ಅದರ ಮೇಲೆ ಸ್ವಲ್ಪ ಯೂರಿಯಾ, ಸೂಪರ್ ಫಾಸ್ಫೇಟ್ ಮತ್ತು ಕೊಳೆಸುವ ಜೀವಾಣು ಹಾಕಿ ನೀರು ಬಿಟ್ಟರೆ ತೇವ ನಿಲ್ಲುತ್ತದೆ, ಕಳೆ ತಗ್ಗುತ್ತದೆ, ಕೊನೆಗೆ ಗೊಬ್ಬರವೂ ಆಗುತ್ತದೆ. ಪ್ರಮಾಣವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ. ಕ್ರಿಮಿನಾಶಕ ಸಿಂಪಡಿಸುವಾಗಲೂ ಅಷ್ಟೇ. ಅಂಗನವಾಡಿ ಪಕ್ಕದ ಹೊಲವಾದರೆ ಮಕ್ಕಳಿಲ್ಲದ ಹೊತ್ತು ನೋಡಿ, ಗಾಳಿ ಎತ್ತ ಬೀಸುತ್ತಿದೆಯೆಂದು ನೋಡಿ ಹೊಡೆಯಿರಿ.

ರಕ್ತ ಮತ್ತು ಚಹಾ

ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟಿದೆ ಗೊತ್ತೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ 100 ಮಹಿಳೆಯರಲ್ಲಿ 57 ಜನ ರಕ್ತಹೀನರು. ಬಸುರಿಯರಿಗೆ ಕಬ್ಬಿಣಾಂಶದ ಗುಳಿಗೆಯ ಮಹತ್ವ ತಿಳಿಸುವ ಅಕ್ಕೋರು ತಾವೇ ಈ 57ರಲ್ಲಿ ಒಬ್ಬರಿರಬಹುದು. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾಗುತ್ತಲೇ ತಲೆ ತಿರುಗುವುದು, ಸಣ್ಣ ಮಾತಿಗೂ ಸಿಟ್ಟು: ಇವನ್ನು ‘ಸ್ವಭಾವ’ ಎಂದು ತಳ್ಳಿಹಾಕುತ್ತೇವೆ. ಬಸುರಿಯಲ್ಲದ ಹೆಂಗಸಿನ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆಯಾಗುತ್ತದೆ.

ಖಾಲಿ ಹೊಟ್ಟೆಗೆ ಚಹಾ, ಊಟವಾದೊಡನೆ ಮತ್ತೆ ಚಹಾ ಕುಡಿಯುವುದು ನಮ್ಮ ಕಡೆ ರೂಢಿ. ಊಟದಲ್ಲಿನ ಕಬ್ಬಿಣಾಂಶ ದೇಹಕ್ಕೆ ಹತ್ತದಂತೆ ಚಹಾ ತಡೆಯುತ್ತದೆ. ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರವಿರಲಿ. ಜೋಳದ ರೊಟ್ಟಿ, ಮಡಿಕೆ ಕಾಳು, ರಾಜಗಿರಿ ಅಥವಾ ಮೆಂತ್ಯ ಪಲ್ಯೆ, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಇದಕ್ಕಿಂತ ಒಳ್ಳೆಯ ಊಟ ಬೇರೆ ಬೇಕಿಲ್ಲ. ನಿಂಬೆಯ ಹುಳಿ ಕಬ್ಬಿಣಾಂಶವನ್ನು ಹತ್ತಿಸುತ್ತದೆ. ಬೆಳಿಗ್ಗೆ ಮನೆ ಬಿಡುವ ಮುಂಚೆ ಒಂದು ರೊಟ್ಟಿಯಾದರೂ ಹೊಟ್ಟೆ ಸೇರಬೇಕು.

ನೀರು ಕುಡಿಯದ ಕಾರಣ

ಅನೇಕ ಅಕ್ಕೋರು ದಿನವಿಡೀ ನೀರೇ ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲವೆಂದಲ್ಲ, ಹೋಗಲು ಸರಿಯಾದ ಶೌಚಾಲಯವಿಲ್ಲವೆಂದು. ಇದನ್ನು ಅವರು ಗಂಡಸರ ಮುಂದೆ ಹೇಳಲಾರರು, ಆದ್ದರಿಂದ ಇಲ್ಲಿ ಬರೆಯಬೇಕಾಗಿದೆ. ನೀರು ಕಡಿಮೆಯಾಗಿ, ಮೂತ್ರ ತಡೆದು ಹಿಡಿದರೆ ಉರಿಮೂತ್ರ, ಸೋಂಕು, ಮುಂದೆ ಮೂತ್ರಪಿಂಡಕ್ಕೂ ತೊಂದರೆ. ನಿಮ್ಮ ಅಂಗನವಾಡಿಯ ಶೌಚಾಲಯಕ್ಕೆ ಬಾಗಿಲು, ಒಳಚಿಲಕ, ನೀರು ಇವೆಯೇ ಎಂದು ಒಮ್ಮೆ ಹೋಗಿ ನೋಡಿರಿ. ಹೊಲಕ್ಕೆ ಪೈಪು ಎಳೆದು ನೀರು ತರುವ ಊರಿಗೆ ಒಂದು ನಳ ಜೋಡಿಸುವುದು ದೊಡ್ಡ ಮಾತಲ್ಲ. ಗ್ರಾಮಸಭೆಯಲ್ಲಿ ಇದನ್ನು ಎತ್ತಿರಿ.

ಬೆನ್ನು, ಮೊಣಕಾಲು

ನೆಲದ ಮೇಲೆ ಕುಳಿತು ಏಳುವುದು, ಬಗ್ಗಿ ಕೂಸು ಎತ್ತುವುದು ದಿನಕ್ಕೆ ನೂರು ಸಲ. ಕೂಸನ್ನಾಗಲಿ ಅಕ್ಕಿಯ ಚೀಲವನ್ನಾಗಲಿ ಸೊಂಟ ಬಗ್ಗಿಸಿ ಎತ್ತಬಾರದು. ಮೊಣಕಾಲು ಮಡಿಸಿ ಕುಳಿತು, ಭಾರವನ್ನು ಎದೆಗೆ ಹತ್ತಿರ ತಂದು ಏಳಬೇಕು. ಅಂಗನವಾಡಿಯಲ್ಲಿ ಬರೆಯಲು ಒಂದು ಕುರ್ಚಿ, ಒಂದು ಮೇಜು ಇರಲಿ. ‘ದಿನವಿಡೀ ದುಡಿಯುತ್ತಾಳೆ, ವ್ಯಾಯಾಮವೇಕೆ’ ಎನ್ನಬೇಡಿರಿ. ದುಡಿತ ಕೆಲವು ಅಂಗಗಳನ್ನು ಮಾತ್ರ ಸವೆಸುತ್ತದೆ. ವಾರದಲ್ಲಿ ಐದು ದಿನ ಅರ್ಧ ತಾಸು ಬಿರುಸಾದ ನಡಿಗೆ ರಕ್ತದೊತ್ತಡ, ಸಕ್ಕರೆ ರೋಗ ಎರಡನ್ನೂ ದೂರವಿಡಲು ನೆರವಾಗುತ್ತದೆ. ಮೂವತ್ತು ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ ಹಾಗೂ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಸರಕಾರಿ ಕಾರ್ಯಕ್ರಮವೇ ಇದೆ. ವರ್ಷಕ್ಕೊಮ್ಮೆ ಒಂದು ದಿನ ಗೊತ್ತುಮಾಡಿ ಹೋಗಿಬರಬೇಕು.

ಮಿಶ್ರಿಯ ಮಾತು

ನಿಪ್ಪಾಣಿ ಭಾಗದಲ್ಲಿ ತಂಬಾಕು ಬೆಳೆದು ಮಕ್ಕಳನ್ನು ಓದಿಸಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಬೆಳೆಯನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಆದರೆ ತಂಬಾಕನ್ನು ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವ ಮಿಶ್ರಿಯ ಚಟ ಈ ಭಾಗದ ಹೆಂಗಸರಲ್ಲಿ ಹಳೆಯದು. ಬೆಳಿಗ್ಗೆ ಹಲ್ಲುಜ್ಜಲೆಂದು ಆರಂಭವಾದದ್ದು ಮುಂದೆ ದಿನಕ್ಕೆ ನಾಲ್ಕಾರು ಸಲ ಆಗುತ್ತದೆ. ಹಸಿವು ಸಾಯುತ್ತದೆ, ವಸಡು ಸಡಿಲಾಗುತ್ತದೆ, ಬಾಯಿಯ ಕ್ಯಾನ್ಸರಿಗೆ ದಾರಿಯಾಗುತ್ತದೆ. ಬಸುರಿಯಾದವಳು ತಿಕ್ಕಿದರೆ ಹುಟ್ಟುವ ಕೂಸಿನ ತೂಕವೂ ತಗ್ಗುತ್ತದೆ. ಅಕ್ಕೋರಲ್ಲಿ ಯಾರಿಗಾದರೂ ಈ ರೂಢಿ ಇದ್ದರೆ ಬೈಯುವುದರಿಂದ ಅದು ಹೋಗದು. ಮನೆಯಲ್ಲಿ ಗಂಡಸರು ತಾವೂ ಗುಟಖಾ, ತಂಬಾಕು ಬಿಟ್ಟು ಜೊತೆ ಕೊಡಬೇಕು. ಬಿಡಲು ನೆರವು ಬೇಕಾದವರು 1800-11-2356ಕ್ಕೆ ಪುಕ್ಕಟೆಯಾಗಿ ಫೋನು ಮಾಡಬಹುದು.

ದಣಿದ ಮನಸ್ಸು ಮಕ್ಕಳ ಮೇಲೆ ಇಳಿಯುತ್ತದೆ

ನೀವು ಕೇಳಬಹುದು: “ಎಲ್ಲ ಸರಿ, ಆದರ ಕೆಲವು ಕಡೆ ಅಂಗನವಾಡಿ ಹೊತ್ತಿಗೆ ಸರಿಯಾಗಿ ತೆಗಿಯೂದ ಇಲ್ಲಲ್ರೀ?” ಕೇಳತಕ್ಕ ಮಾತೇ. ಮೊಟ್ಟೆಯ ಲೆಕ್ಕ, ಹಾಲಿನ ಲೆಕ್ಕ ಕೇಳುವ ಹಕ್ಕು ಊರಿಗಿದೆ. ಅದಕ್ಕೆಂದೇ ತಾಯಂದಿರಿರುವ ಬಾಲವಿಕಾಸ ಸಮಿತಿ ಇದೆ. ಆ ಸಭೆಯಲ್ಲಿ ಕುಳಿತು ಕೇಳಿರಿ. ನಾಲ್ಕು ಜನರೆದುರು, ಮಕ್ಕಳೆದುರು, ಏಕವಚನದಲ್ಲಿ ಗದರಿ ಕೇಳಿದರೆ ಲೆಕ್ಕ ಸಿಗುವುದಿಲ್ಲ, ಮನಸ್ಸು ಮಾತ್ರ ಮುರಿಯುತ್ತದೆ.

ಮುರಿದ ಮನಸ್ಸಿನ ಅಕ್ಕೋರು ಮಕ್ಕಳ ಮೇಲೆ ರೇಗುತ್ತಾರೆ. ಮೂರು ವರ್ಷದ ಕೂಸು ಒಮ್ಮೆ ಹೆದರಿದರೆ ಮರುದಿನ ಬಾಗಿಲಲ್ಲೇ ಅಳುತ್ತದೆ, ಕೆಲದಿನದಲ್ಲಿ ಬರುವುದನ್ನೇ ಬಿಡುತ್ತದೆ. ಆಗ ತಾಯಿ ಅದನ್ನು ಹೊಲಕ್ಕೆ ಕರೆದೊಯ್ಯಬೇಕು. ಹೊಲದಲ್ಲಿ ಬಾವಿ ಇದೆ, ಕಾಲುವೆ ಇದೆ, ಕಬ್ಬು ತುಂಬಿದ ಟ್ರ್ಯಾಕ್ಟರ್ ಹಿಂದೆ ಸರಿಯುತ್ತಿರುತ್ತದೆ. ಅಕ್ಕೋರ ಆರೋಗ್ಯ ಕೆಟ್ಟರೆ ಅಪಾಯ ಬಂದು ನಿಲ್ಲುವುದು ನಿಮ್ಮ ಬದುವಿನ ಮೇಲೆ ಎಂಬುದನ್ನು ಮರೆಯಬಾರದು.

ಹೊಳೆ ಬಂದಾಗಿನದು ಇನ್ನೊಂದು ಭಾರ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಪ್ರವಾಹವನ್ನು ಈ ತೀರದವರು ಮರೆತಿಲ್ಲ. ಕಲ್ಲೋಳ–ಯಡೂರ ಸೇತುವೆ ನೀರಿನೊಳಗಾದರೆ ಆಚೆ ಈಚೆಯ ಊರುಗಳ ಸಂಪರ್ಕವೇ ತಪ್ಪುತ್ತದೆ. ಊರು ಬಿಟ್ಟು ಹೋಗುವಾಗ ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮನೆಯಲ್ಲಿ ಹಸುಗೂಸಿದೆ ಎಂಬ ಲೆಕ್ಕ ಇರುವುದು ಅಕ್ಕೋರ ರಿಜಿಸ್ಟರಿನಲ್ಲಿ. ಅವರ ಸ್ವಂತ ಮನೆಯೂ ಅದೇ ಹೊಳೆಯ ದಂಡೆಯಲ್ಲೇ ಇರುತ್ತದೆ. ಇಂಥ ದಿನಗಳು ಕಳೆದ ಮೇಲೂ ನಿದ್ದೆ ಬಾರದಿರುವುದು, ಎದೆ ಬಡಿದುಕೊಳ್ಳುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎರಡು ವಾರ ಮೀರಿದರೆ ಅದು ಗಾಳಿಯಲ್ಲ, ಮಾಟವಲ್ಲ; ಔಷಧ, ಸಮಾಧಾನ ಎರಡೂ ಇರುವ ಕಾಯಿಲೆ. 14416 ಎಂಬ ಟೆಲಿ–ಮಾನಸ್ ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಹಕ್ಕುಗಳನ್ನು ತಿಳಿದಿರಿ

ಅಕ್ಕೋರಿಗೆ ಬರುವುದು ಸಂಬಳವಲ್ಲ, ಗೌರವಧನ. 2018ರ ಅಕ್ಟೋಬರಿನಿಂದ ಕೇಂದ್ರದ ಲೆಕ್ಕದ ಗೌರವಧನವನ್ನು ಕಾರ್ಯಕರ್ತೆಗೆ ತಿಂಗಳಿಗೆ 3000 ರೂಪಾಯಿಯಿಂದ 4500ಕ್ಕೆ, ಸಹಾಯಕಿಗೆ 1500ರಿಂದ 2250ಕ್ಕೆ ಏರಿಸಲಾಯಿತು. ಇದರ ಮೇಲೆ ರಾಜ್ಯ ಸರಕಾರ ತನ್ನ ಪಾಲು ಸೇರಿಸಿ ಕೊಡುತ್ತದೆ. ಹೆರಿಗೆಗೆ 180 ದಿನಗಳ ಗೌರವಧನಸಹಿತ ರಜೆ ಇದೆ. 1972ರ ಉಪದಾನ ಕಾಯಿದೆ ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 2022ರ ಏಪ್ರಿಲ್ 25ರಂದು ತೀರ್ಪು ಕೊಟ್ಟಿದೆ. 2024ರ ಫೆಬ್ರುವರಿಯ ಮಧ್ಯಂತರ ಬಜೆಟ್ಟಿನಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರೆಲ್ಲರನ್ನೂ ಆಯುಷ್ಮಾನ್ ಭಾರತ ಯೋಜನೆಗೆ ಸೇರಿಸುವುದಾಗಿ ಸಾರಲಾಯಿತು. ನಿಮ್ಮ ಮನೆಯವರು ಈ ಕೆಲಸದಲ್ಲಿದ್ದರೆ ಕಾರ್ಡು ಆಗಿದೆಯೇ, ಸೇವೆಯ ದಾಖಲೆ ಸರಿಯಿದೆಯೇ ಎಂದು ಚಿಕ್ಕೋಡಿಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿರಿ.

ಅಂಗನವಾಡಿಗೆ ಒಂದು ಗುಂಟೆ

ಇನ್ನು ರೈತನ ಕೈಯಲ್ಲೇ ಇರುವ ಕೆಲಸ. ಅಂಗನವಾಡಿ ಹಿಂದೆ ಅರ್ಧ ಗುಂಟೆ, ಒಂದು ಗುಂಟೆ ಜಾಗವಿದ್ದರೆ ಕೈತೋಟ ಮಾಡಿಕೊಡಿರಿ. ಎರಡು ನುಗ್ಗೆ, ಒಂದು ಕರಿಬೇವು, ಒಂದು ನಿಂಬೆ, ಎರಡು ಪಪ್ಪಾಯಿ, ನಡುವೆ ಪಾಲಕ, ರಾಜಗಿರಿ, ಮೆಂತ್ಯದ ಮಡಿಗಳು. ನುಗ್ಗೆಗೆ ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ಅರಭಾವಿ ತೋಟಗಾರಿಕೆ ಕಾಲೇಜೇ ‘ಭಾಗ್ಯ’ ಎಂಬ ತಳಿಯನ್ನು ಕೊಟ್ಟಿದೆ. ಗಿಡ ಎದೆಯೆತ್ತರ ಬಂದಾಗ ತುದಿ ಚಿವುಟಿದರೆ ಕವಲೊಡೆದು ಸೊಪ್ಪು ಕೈಗೆಟಕುವಂತೆ ಬೆಳೆಯುತ್ತದೆ. ಮಕ್ಕಳ ಸಾರಿಗೂ ಆಯಿತು, ಅಕ್ಕೋರ ಬುತ್ತಿಗೂ ಆಯಿತು. ನೀರು ಬಿಡುವ ಕೆಲಸವನ್ನು ಮಾತ್ರ ಅಕ್ಕೋರ ತಲೆಗೆ ಕಟ್ಟಬೇಡಿರಿ. ತರುಣ ಸಂಘದವರು ವಾರದ ಪಾಳಿ ಹಾಕಿಕೊಳ್ಳಲಿ.

ಮನೆಯೊಳಗಿನ ಕೆಲಸ

ಕೊನೆಯ ಮಾತು ಸಮಿತಿಗೂ ಸರಕಾರಕ್ಕೂ ಸಂಬಂಧಿಸಿದ್ದಲ್ಲ. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗಿನ ಕೆಲಸದಲ್ಲಿ ಒಂದೆರಡನ್ನು ಗಂಡಸರು ತಮ್ಮ ಕೈಗೆ ತೆಗೆದುಕೊಂಡರೆ ಯಾವ ಗುಳಿಗೆಯೂ ಕೊಡದ ಲಾಭ ಸಿಗುತ್ತದೆ. ಎಮ್ಮೆ ಹಿಂಡುವುದು ನಿಮಗೆ ಬಾರದ ವಿದ್ಯೆಯೇ? ಸಗಣಿ ಬುಟ್ಟಿ ಎತ್ತಿದರೆ ಮೀಸೆ ಮಣ್ಣಾಗುವುದೇ? ಬೆಳಗಿನ ಅರ್ಧ ತಾಸು ಅವಳಿಗೆ ಉಳಿದರೆ ಕುಳಿತು ಎರಡು ರೊಟ್ಟಿ ತಿನ್ನುತ್ತಾಳೆ. ರಾತ್ರಿಯ ಅರ್ಧ ತಾಸು ಉಳಿದರೆ ಬೇಗ ಮಲಗುತ್ತಾಳೆ. ಏಳು ತಾಸಿನ ನಿದ್ದೆ ಮಾಡಿದ ಅಕ್ಕೋರ ಮುಖವನ್ನು ಮರುದಿನ ಮಕ್ಕಳೇ ಗುರುತಿಸುತ್ತವೆ.

ಈ ಪುಟ ಓದಿ ಮುಗಿಸಿದ ಮೇಲೆ ನಾಳೆ ಮೊಮ್ಮಗನನ್ನು ಅಂಗನವಾಡಿಗೆ ಬಿಡಲು ನೀವೇ ಹೋಗಿರಿ. ಬಾಗಿಲಲ್ಲಿ ಒಂದು ಗಳಿಗೆ ನಿಂತು ಅಕ್ಕೋರ ದನಿ ಕೇಳಿರಿ. ಮಧ್ಯಾಹ್ನ ಕರೆತರಲು ಹೋದಾಗ, “ಅಕ್ಕೋರ, ನಿಮ್ದ ಊಟ ಆತೇನ್ರಿ?” ಎಂದು ಕೇಳಿರಿ. ಇಲ್ಲವೆಂದರೆ, ಅವರು ಉಂಡು ಏಳುವವರೆಗೆ ಮಕ್ಕಳ ನಡುವೆ ನೀವೇ ಕುಳಿತಿರಿ. ಹದಿನೈದು ನಿಮಿಷ ಸಾಕು. ಅಷ್ಟು ಹೊತ್ತಿನಲ್ಲಿ, ಅವರು ದಿನವಿಡೀ ಮಾಡುವ ಕೆಲಸ ಎಂಥದ್ದೆಂಬುದು ನಿಮಗೂ ತಿಳಿಯುತ್ತದೆ.